ಎರಡನೇ ದಿನದ ಮಗಳು

ಯಾನ್‌ತಾಯ್
೫ ಜನವರಿ ೧೯೮೭

ಅತ್ತಿಗೆ,

ಅಮ್ಮನಿಗೆ ಓದಲು ಬಾರದು, ಅಣ್ಣನಿಗೆ ಓದುವ ವ್ಯವಧಾನವಿಲ್ಲ. ಹಾಗಾಗಿ ಮನೆಗೆ ಬರೆಯುವುದೆಂದರೆ ನಿಮಗೇ ಬರೆಯುವುದು. ಇದನ್ನು ಮೊದಲು ನೀವೊಬ್ಬರೇ ಓದಿ. ಆಮೇಲೆ ಅಮ್ಮನಿಗೆ ಎಷ್ಟು ಹೇಳಬೇಕೆನ್ನಿಸುತ್ತದೋ ಅಷ್ಟು ಹೇಳಿ.

ಡಬ್ಬಿ ಕಾರ್ಖಾನೆಯಲ್ಲಿ ಈಗ ಗೋದಾಮಿನ ಪೇರ್ ಹಣ್ಣು ಸುಲಿಯುತ್ತಿದ್ದೇವೆ. ದಿನವಿಡೀ ತಣ್ಣೀರಿನಲ್ಲಿ ಕೈ. ಹಾಸ್ಟೆಲಿನ ನಮ್ಮ ಕೋಣೆಯ ಹೆಂಗಸರ ಬಾಯಲ್ಲಿ ಒಂದೇ ಮಾತು: ಹಬ್ಬಕ್ಕೆ ಯಾವ ಬಸ್ಸು, ಯಾರಿಗೆ ಏನು ಒಯ್ಯುವುದು. ಪಕ್ಕದ ಮಂಚದ ಹುಡುಗಿ ಮೊನ್ನೆ ಕೇಳಿದಳು, "ಅಕ್ಕಾ, ನೀವು ಯಾವ ಮನೆಗೆ ಹೋಗ್ತೀರಿ?" ಅವಳು ಕೆಟ್ಟದ್ದಕ್ಕೆ ಕೇಳಿದ್ದಲ್ಲ. ನಾನು ಬಟ್ಟೆ ಒಗೆಯುವುದಿದೆ ಎಂದು ಎದ್ದು ಬಂದೆ.

ಹೋದ ವರ್ಷದವರೆಗೆ ಈ ಪ್ರಶ್ನೆಯೇ ಇರಲಿಲ್ಲ. ವರ್ಷದ ಕೊನೆಯ ರಾತ್ರಿಯ ಕೂಡೂಟಕ್ಕೆ ಗಂಡನ ಮನೆ, ಹೊಸ ವರ್ಷದ ಎರಡನೇ ದಿನಕ್ಕೆ ತವರು. ಮಕ್ಕಳಾಗಲಿಲ್ಲವೆಂದು ನನ್ನನ್ನು ಬಿಟ್ಟವನು ಬೇಸಿಗೆ ಮುಗಿಯುವುದರೊಳಗೆ ಇನ್ನೊಬ್ಬಳನ್ನು ಕಟ್ಟಿಕೊಂಡನಂತೆ. ಆ ಮೇಜಿನ ಮೇಲಿದ್ದ ನನ್ನ ಬಟ್ಟಲು ಈಗ ಅವಳದು.

ಅತ್ತಿಗೆ, ಕೂಡೂಟದ ರಾತ್ರಿಗೇ ನಾನು ಊರಿಗೆ ಬರಲೇ? ಮದುವೆಯಾಗಿ ಹೋದ ಮಗಳು ಆ ರಾತ್ರಿ ತವರಿನಲ್ಲಿ ಉಣ್ಣಬಾರದು, ಗೋಡೆಗೆ ಇಳಿಬಿಟ್ಟ, ಹಿರಿಯರ ಹೆಸರು ಬರೆದ ಪಟ ನೋಡಬಾರದು, ನೋಡಿದರೆ ಒಡಹುಟ್ಟಿದವನಿಗೆ ಕೇಡು ಎಂಬುದೆಲ್ಲ ನನಗೆ ಗೊತ್ತು. ಪಟವಿರುವ ನಡುಮನೆಗೆ ಕಾಲಿಡುವುದಿಲ್ಲ. ಬಲೆ ಇಡುವ ಕೋಣೆಯಲ್ಲಿ ಇರುತ್ತೇನೆ. ಒಂದು ತಟ್ಟೆ ಅಲ್ಲಿಗೇ ಕೊಟ್ಟರೆ ಸಾಕು. ಅಮ್ಮ ಒಲೆಯ ಮುಂದೆ ಓಡಾಡುವ ಸದ್ದು ಕೇಳಿಸಿದರೆ ಸಾಕು.

ಶಾವ್‌ಯಾನ್ ಎಷ್ಟು ಎತ್ತರವಾಗಿದ್ದಾಳೆ? ಅವಳಿಗೆ ಅತ್ತೆಯ ನೆನಪಿದೆಯೇ?

ನಿಮ್ಮ
ಚಾವ್‌ಯುನ್


ಪೂರ್ವಕೊಲ್ಲಿ ಹಳ್ಳಿ
೧೪ ಜನವರಿ ೧೯೮೭

ಚಾವ್‌ಯುನ್,

ನೀನು ಹೇಳಿದಂತೆ ಮೊದಲು ನಾನೊಬ್ಬಳೇ ಓದಿದೆ. ಆಮೇಲೆ ಪೂರ್ತಿ ಓದಿ ಹೇಳಿದೆ. ನನ್ನ ಕೈಲಿ ಮುಚ್ಚಿಡಲು ಆಗುವುದಿಲ್ಲ. ಅತ್ತೆ ನನ್ನ ಮುಖ ನೋಡಿಯೇ ಅರ್ಧ ಓದಿಬಿಟ್ಟಿರುತ್ತಾರೆ. ಮುಂದಿನದು ಅವರ ಮಾತು. ಹೇಳಿದ ಹಾಗೇ ಬರೆದಿದ್ದೇನೆ.

"ಮಗಾ, ಬಲೆ ಕೋಣೇಲಿ ಕೂತು ತಿನ್ನೋಕೆ ನೀನೇನು ಕಳ್ಳಿಯಾ? ಹಾಗೆಲ್ಲ ಬರೀಬೇಡ, ಕೇಳಿದ್ರೆ ಹೊಟ್ಟೆ ಉರಿಯುತ್ತೆ. ತಾನ್ ಮನೆಯವರ ಕಥೆ ನಿಂಗೇ ಗೊತ್ತಲ್ಲ. ಅವರ ಹುಡುಗಿ ಗಂಡ ಬಿಟ್ಟ ವರ್ಷ ಹಬ್ಬದ ರಾತ್ರಿ ಮನೇಲೇ ಉಂಡ್ಲು. ಚಳಿ ಕಳೆದ ಮೇಲೆ ದೋಣಿ ತಗೊಂಡು ಹೋದ ಅವಳಣ್ಣ ಬರ್ಲೇ ಇಲ್ಲ. ಅವಳ ಊಟಕ್ಕೂ ಕಡಲಿಗೂ ಏನು ಸಂಬಂಧ ಅಂತ ಕೇಳ್ತೀಯ, ನೀನು ಓದಿದೋಳು. ನಂಗೂ ಗೊತ್ತಿಲ್ಲಮ್ಮ. ಆದ್ರೆ ನಿಮ್ಮಪ್ಪನ್ನ ತಗೊಂಡಿದ್ದೂ ಇದೇ ಕಡಲು. ಈಗ ಶೋಟಾಂಗ್ ಒಬ್ಬ ಇದಾನೆ. ಗೊತ್ತಿಲ್ಲದ ವಿಷಯದಲ್ಲಿ ಮಗನ್ನ ಇಟ್ಟು ನಾನು ಪಂದ್ಯ ಕಟ್ಟಲ್ಲ. ಎರಡನೇ ದಿನ ಬಾ, ಎಲ್ರ ಮನೆ ಹೆಣ್ಮಕ್ಳು ಬರೋ ಹಾಗೆ. ಬೆಳಿಗ್ಗೆನೇ ಬಾ."

ಇಷ್ಟು ಹೇಳಿ ಎದ್ದು ಹಂದಿಗೆ ಮುಸುರೆ ಹಾಕಲು ಹೋದರು. ಹಾಕಿ ಆಗಿತ್ತು. ಇನ್ನೊಮ್ಮೆ ಹಾಕಿದರು.

ನಿನ್ನ ಅಣ್ಣ ಅಲ್ಲೇ ಬಲೆ ಹೆಣೆಯುತ್ತಿದ್ದರು.  ನಾನು ಅವರನ್ನು ಏನೂ ಕೇಳಲಿಲ್ಲ. ನಮ್ಮಲ್ಲಿ ಯಾರ ಮೇಲೂ ಸಿಟ್ಟು ಮಾಡಬೇಡ.

ಶಾವ್‌ಯಾನ್‌ಗೆ ನಿನ್ನ ನೆನಪು ಚೆನ್ನಾಗಿದೆ. ನೀನು ಕೊಟ್ಟ ಹಣ್ಣಿನ ಡಬ್ಬಿಯ ಚಿತ್ರವನ್ನು ಕಿಟಕಿಗೆ ಅಂಟಿಸಿಕೊಂಡಿದ್ದಾಳೆ.

ನಿನ್ನ ಅತ್ತಿಗೆ


ಯಾನ್‌ತಾಯ್
೬ ಫೆಬ್ರವರಿ ೧೯೮೭

ಅತ್ತಿಗೆ,

ನಾನು ಎರಡನೇ ದಿನ ಬರಲಿಲ್ಲ. ಅಮ್ಮನಿಗೆ ರಜೆ ಸಿಗಲಿಲ್ಲವೆಂದು ಹೇಳಿ. ನಿಮಗೆ ನಿಜ ಹೇಳುತ್ತೇನೆ.

ಹಬ್ಬದ ದಿನ ಮಧ್ಯಾಹ್ನಕ್ಕೇ ಹಾಸ್ಟೆಲ್ ಖಾಲಿ. ಕಾವಲಿನ ಮುದುಕ ನನ್ನನ್ನು ನೋಡಿ, "ಇನ್ನೂ ಹೊರಟಿಲ್ವಾ? ಬಸ್ ತಪ್ಪುತ್ತೆ," ಎಂದ. ಸಂಜೆಯ ಬಸ್ಸಿಗೆ ಎಂದೆ. ಆಮೇಲೆ ಅವನ ಕಣ್ಣಿಗೆ ಬೀಳಬಾರದೆಂದು ಕೋಣೆಯ ದೀಪ ಹಾಕದೆ, ಕಿಟಕಿಯ ಬೆಳಕಿನಲ್ಲೇ ಹಿಟ್ಟು ಕಲಸಿದೆ. ಎಲೆಕೋಸು, ಒಣ ಸಿಗಡಿಯ ಕಡುಬು. ನೀವೆಲ್ಲ ಅಂಜಲ್ ಮೀನು ತುಂಬಿಸಿರುತ್ತೀರಿ. ಒಂದು ಕಡುಬಿನೊಳಗೆ ನಾಣ್ಯವನ್ನೂ ಇಟ್ಟೆ. ಯಾರಿಗೆ ಸಿಗುತ್ತದೋ ಅವರಿಗೆ ವರ್ಷವಿಡೀ ಅದೃಷ್ಟ. ಚಿಕ್ಕವರಿದ್ದಾಗ ನಾನೂ ಅಣ್ಣನೂ ಅದಕ್ಕಾಗಿ ಹೊಟ್ಟೆ ಬಿರಿಯುವಂತೆ ತಿನ್ನುತ್ತಿದ್ದೆವು. ಈ ಸಲ ನಾಣ್ಯ ನನಗೇ ಸಿಕ್ಕಿತು. ಬೇರೆ ಯಾರಿಗೆ ಸಿಗಬೇಕು? ಕಡುಬು ಕಚ್ಚಿದಾಗ ಹಲ್ಲಿಗೆ ತಾಗಿತು. ನನಗೆ ನಗು ಬಂತು. ಖಾಲಿ ಕೋಣೆಯಲ್ಲಿ ನನ್ನ ನಗು ಕೇಳಿ ನನಗೇ ಹೆದರಿಕೆಯಾಯಿತು.

ಎರಡನೇ ದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಿದ್ದೆ, ನಿಜವಾಗಿ. ತವರಿಗೆ ಹೊರಟ ಹೆಣ್ಣುಮಕ್ಕಳೇ ತುಂಬಿದ್ದರು. ಪಕ್ಕದಲ್ಲಿ ಗಂಡ, ಗಂಡನ ಕೈಯಲ್ಲಿ ಸಿಹಿಯ ಪೆಟ್ಟಿಗೆ, ಬೆನ್ನಿನ ಮೇಲೆ ಮಗು. ಒಬ್ಬಳು ಸರಿದು ನನಗೆ ಜಾಗ ಕೊಟ್ಟು, "ಮನೆಯೋರು ಟಿಕೆಟ್ ತರೋಕೆ ಹೋದ್ರಾ?" ಎಂದು ಕೇಳಿದಳು. ಹೂಂ ಎಂದೆ. ಟಿಕೆಟ್ ತರುವವನನ್ನು ಹುಡುಕುವವಳಂತೆ ಎದ್ದು ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ.

ಚಾವ್‌ಯುನ್


ಪೂರ್ವಕೊಲ್ಲಿ ಹಳ್ಳಿ
೧೦ ಏಪ್ರಿಲ್ ೧೯೮೭

ಚಾವ್‌ಯುನ್,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದ. ಈಗಲೂ ಪೂರ್ತಿ ಇಳಿದಿಲ್ಲ.

ರಜೆ ಸಿಗಲಿಲ್ಲವೆಂದು ನಾನು ಹೇಳಿದ್ದು ನಿನ್ನ ಕಾಗದ ಬಂದ ಮೇಲೆ. ಅದಕ್ಕೆ ಮುಂಚೆ, ಎರಡನೇ ದಿನ, ಅತ್ತೆ ಬೆಳಿಗ್ಗೆಯಿಂದ ಊರಬಾಗಿಲ ಕಲ್ಲಿನ ಮೇಲೆ ಕೂತಿದ್ದರು. ಕಡಲ ಗಾಳಿ ಹೇಗೆ ಹೊಡೆಯುತ್ತದೆಂದು ನಿನಗೆ ಗೊತ್ತಲ್ಲ. ಬಸ್ಸು ಬಂತು, ತಾನ್ ಮನೆಯ ಉಳಿದ ಅಳಿಯಂದಿರು ಇಳಿದರು, ಬಸ್ಸು ಹೋಯಿತು. "ಮುಂದಿನದರಲ್ಲಿ ಬರ್ತಾಳೆ" ಎಂದರು. ಮುಂದಿನದೂ ಬಂದು ಹೋಯಿತು. ನಿನಗೆಂದು ಹಬೆಯಲ್ಲಿ ಬೇಯಿಸಿದ್ದ ದೊಡ್ಡ ಎಲಚಿ ಹಣ್ಣಿನ ಬನ್ನನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಒಣಗಿ ಬಿರುಕು ಬಿಟ್ಟ ಮೇಲೆ ನೀರಿನಲ್ಲಿ ನೆನೆಸಿ ತಾವೇ ತಿಂದರು.

ನಾನೂ ಆ ದಿನ ನನ್ನ ತವರಿಗೆ ಹೊರಟವಳು. ಅವರನ್ನು ಅಲ್ಲಿ ಕೂರಿಸಿ ಹೋಗಲಾಗದೆ ಸಂಜೆಗೆ ಹೋದೆ. ಅಲ್ಲಿ ನನ್ನ ಅಮ್ಮ ಬೈದಳು: "ನಾನೇನು ಕಲ್ಲಿನ ಮೇಲೆ ಕೂತು ಕಾಯಲ್ಲ. ಆದ್ರೂ ಹೊತ್ತಿಗೆ ಸರಿಯಾಗಿ ಬಂದ್ರೆ ನಿನ್ನ ಗಂಟೇನು ಹೋಗುತ್ತೆ?"

ನಿನಗೆ ಒಂದು ಮಾತು ಹೇಳುತ್ತೇನೆ. ನನ್ನ ಅಮ್ಮನಿಗೆ ಗಂಡುಮಕ್ಕಳಿಲ್ಲ. ಅಕ್ಕ ಉತ್ತರದ ಹಿಮದ ಸೀಮೆಗೆ ಮದುವೆಯಾಗಿ ಹೋದಳು, ನಾನು ಇಲ್ಲಿಗೆ ಬಂದೆ. ಅಪ್ಪ ಸತ್ತ ಮೇಲೆ ಪ್ರತಿ ವರ್ಷವೂ ಕೂಡೂಟದ ರಾತ್ರಿ ನಾನು ಇಲ್ಲಿ ಎಲ್ಲರಿಗೂ ಬಡಿಸುವಾಗ ಕೊಲ್ಲಿಯ ಆಚೆ ದಡದಲ್ಲಿ ಅಮ್ಮನ ಕಿಟಕಿಯ ದೀಪ ಕಾಣುತ್ತದೆ. ಏನು ತಿಂದೆ ಎಂದು ಕೇಳಿದರೆ, "ಹೊಟ್ಟೆ ತುಂಬಾ" ಎನ್ನುತ್ತಾಳೆ. ಅಷ್ಟೇ.

ನೀನು ಅಲ್ಲಿಗೆ ಹೋಗಬಾರದೇಕೆ? ಅವಳು ನಿನ್ನ ತಾಯಿಯಲ್ಲ, ಆ ಮನೆ ನಿನ್ನ ತವರಲ್ಲ. ಯಾವ ಕಟ್ಟಳೆಯೂ ಮುರಿಯುವುದಿಲ್ಲ. ಹಬ್ಬಕ್ಕೆ ಇನ್ನೂ ತುಂಬ ದಿನವಿದೆ, ಯೋಚಿಸು. ಅವಳ ನಾಲಿಗೆ ಮಾತ್ರ ಹರಿತ. ಅದಕ್ಕೆ ನಾನು ಹೊಣೆಯಲ್ಲ.

ನಿನ್ನ ಅತ್ತಿಗೆ


ಯಾನ್‌ತಾಯ್
೨೪ ಫೆಬ್ರವರಿ ೧೯೮೮

ಅತ್ತಿಗೆ,

ರಸ್ತೆಯಲ್ಲಿ ಸಿಕ್ಕಾಗ ಮಾತಾಡಲು ಆಗಲಿಲ್ಲ. ಈಗ ಬರೆಯುತ್ತೇನೆ.

ನಿಮ್ಮ ಅಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದರು. "ಬಡಕಲಾಗಿದೀಯ. ಹಣ್ಣಿನ ಕಾರ್ಖಾನೇಲಿ ಇದ್ದು ಹಣ್ಣು ತಿನ್ನಲ್ವಾ?" ಎಂದರು. ಹಬ್ಬದ ದಿನ ನಾನು ಬಂದದ್ದರಿಂದ ತೊಂದರೆ ಇಲ್ಲವಲ್ಲ, ದೊಡ್ಡಮ್ಮ, ಎಂದು ಕೇಳಿದೆ. "ತೊಂದ್ರೆ ಯಾರಿಗೆ? ನಂಗೆ ಗಂಡುಮಕ್ಕಳೇ ಇಲ್ಲ. ಈ ಮನೇಲಿರೋ ಗಂಡು ಅಂದ್ರೆ ಬೆಕ್ಕೊಂದು. ಅದಕ್ಕೇನಾದ್ರೂ ಆದ್ರೆ ಆಗ್ಲಿ, ಮೀನು ಕದಿಯೋದು ನಿಲ್ಲುತ್ತೆ," ಎಂದರು.

ಇಬ್ಬರೂ ಸೇರಿ ಬಾಗಿಲಿಗೆ ಹಬ್ಬದ ಶುಭ ಹಾರೈಕೆಯ ಕೆಂಪು ಬರಹ ಅಂಟಿಸಿದೆವು. ನಾನು ಸೊಟ್ಟ ಅಂಟಿಸಿದೆನೆಂದು ಕಿತ್ತು ಮತ್ತೆ ಅಂಟಿಸಿದರು. ಅವರೂ ಸೊಟ್ಟ ಅಂಟಿಸಿದರು. ಊಟಕ್ಕೆ ನಾಲ್ಕು ಬಟ್ಟಲು ಇಟ್ಟರು. ಎರಡು ನಮಗೆ. ಉಳಿದೆರಡು ಯಾರಿಗೆಂದು ಕೇಳಲಿಲ್ಲ. ನಿಮ್ಮಕ್ಕನಿಗೂ ನಿಮಗೂ ಇರಬೇಕು. ಹಾಗಾದರೆ ನೀವು ಬಡಿಸುತ್ತಿದ್ದ ಎಲ್ಲ ವರ್ಷಗಳಲ್ಲೂ ನಿಮ್ಮ ಬಟ್ಟಲು ಅಲ್ಲಿತ್ತು.

ಊಟವಾದ ಮೇಲೆ ಕೊಲ್ಲಿಯ ಆಚೆ ನಮ್ಮೂರಲ್ಲಿ ಪಟಾಕಿ ಹಚ್ಚಿದರು. ದೊಡ್ಡಮ್ಮ ಕಿಟಕಿಯ ಕಾಗದದ ತೂತಿನಿಂದ ನೋಡಿ, "ಅದು ನಿಮ್ಮನೇದೇ. ನಿನ್ನಣ್ಣ ಯಾವಾಗ್ಲೂ ಕೊನೇಲಿ ಹಚ್ತಾನೆ," ಎಂದರು. ನೀವು ಅವರ ದೀಪ ನೋಡುತ್ತೀರಿ, ಅವರು ನಿಮ್ಮ ಪಟಾಕಿ ಎಣಿಸುತ್ತಾರೆ. ಇದನ್ನು ನೀವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲವೆಂದು ಕಾಣುತ್ತದೆ.

ಎರಡನೇ ದಿನ ನಾನು ಅಲ್ಲಿಂದ ಹೊರಟು, ನೀವು ನಮ್ಮೂರಿನಿಂದ ಹೊರಟು, ಉಪ್ಪಿನ ಗದ್ದೆಗಳ ಹತ್ತಿರ ಎದುರಾದೆವಲ್ಲ. ನೀವು ನನ್ನ ಕೈಯ ಮಂಕರಿ ನೋಡಿದಿರಿ, ನಾನು ನಿಮ್ಮದನ್ನು ನೋಡಿದೆ. ನಿಮ್ಮಮ್ಮ ನನ್ನ ಅಮ್ಮನಿಗೆ ಕಳಿಸಿದ ಬನ್ನು ನನ್ನ ಮಂಕರಿಯಲ್ಲಿ. ನನ್ನ ಅಮ್ಮ ನಿಮ್ಮಮ್ಮನಿಗೆ ಕಳಿಸಿದ್ದು ನಿಮ್ಮದರಲ್ಲಿ. "ಬೇಗ ಹೋಗು, ಕಲ್ಲಿನ ಮೇಲೆ ಕೂತಿದಾರೆ," ಎಂದಿರಿ. ನಿಮ್ಮ ಕಣ್ಣು ಕೆಂಪಾಗಿತ್ತು. ಗಾಳಿಗಿರಬೇಕು.

ಅಮ್ಮ ನನ್ನನ್ನು ನೋಡಿ ಎದ್ದಳು. "ಯಾವ ಮನೆಯಿಂದ ಬಂದೆ?" ಎಂದು ಯಾರಾದರೂ ಕೇಳಿದರೆ ಹೇಳಲು ನನಗೊಂದು ಮನೆಯಿತ್ತು. ಯಾರೂ ಕೇಳಲಿಲ್ಲ. ಅಮ್ಮ ನನ್ನ ಕೈ ಹಿಡಿದು ತನ್ನ ಅಂಗಿಯ ತೋಳಿನೊಳಗೆ ಸೇರಿಸಿಕೊಂಡಳು, ಚಿಕ್ಕಂದಿನಲ್ಲಿ ಕೈ ಬೆಚ್ಚಗೆ ಮಾಡುತ್ತಿದ್ದ ಹಾಗೆ. ಅವಳ ತೋಳು ತೀರ ಸಣ್ಣಗಾಗಿದೆ. ನೀವು ಗಮನಿಸಿದ್ದೀರಾ?

ಚಾವ್‌ಯುನ್


ಪೂರ್ವಕೊಲ್ಲಿ ಹಳ್ಳಿ
೨೦ ಆಗಸ್ಟ್ ೧೯೮೮

ಚಾವ್‌ಯುನ್,

ಗಮನಿಸಿದ್ದೆ. ಆಗ ಬರೆಯಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಹೊಟ್ಟೆಯೊಳಗೆ ಗಡ್ಡೆಯಂತೆ. ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಮಾಡಿಕೊಡಿ ಎಂದರು. ಅತ್ತೆಗೆ ನಾವು ಹೇಳಿಲ್ಲ. ಅವರೂ ಕೇಳಿಲ್ಲ. ಹೀಗಿರುವಾಗ ಅವರಿಗೆ ಗೊತ್ತಿದೆಯೆಂದೇ ಅರ್ಥ.

ಅವರು ಹೇಳಿಸಿದ್ದು:

"ಮಗಾ, ಮುಂದಿನ ತಿಂಗಳ ಮೊಲದ ಹುಣ್ಣಿಮೆ ಹಬ್ಬಕ್ಕೆ ಬಾ. ಆ ಹುಣ್ಣಿಮೇಲೂ ಹೆಣ್ಮಕ್ಳು ಗಂಡನ ಮನೇಲಿರಬೇಕು ಅಂತಾರೆ, ಅನ್ನೋರು ಅನ್ಲಿ. ಆ ದಿನ ಪಟ ಹಾಕಲ್ಲ. ನೋಡೋಕೆ ಚಂದ್ರ ಒಬ್ಬನೇ, ಅವನನ್ನ ಯಾರು ನೋಡಿದ್ರೂ ಯಾರಿಗೂ ಏನೂ ಆಗಲ್ಲ. ಎರಡನೇ ದಿನದ ತನಕ ಈ ಸಲ ಕಾಯಕ್ಕಾಗುತ್ತೋ ಇಲ್ವೋ. ನಿನ್ನತ್ತಿಗೆಗೆ ಇದನ್ನ ಬರೀಬೇಡ ಅಂತ ಹೇಳ್ತಾ ಇದೀನಿ, ಬರೀತಾ ಇದಾಳೆ ನೋಡು."

ಬರೆದೆ. ಹುಣ್ಣಿಮೆಯವರೆಗೆ ಕಾಯಬೇಡ. ಬಾ.

ನಿನ್ನ ಅತ್ತಿಗೆ


ಯಾನ್‌ತಾಯ್
೯ ಅಕ್ಟೋಬರ್ ೧೯೮೮

ಅತ್ತಿಗೆ,

ಮಣ್ಣು ಮಾಡಿ ಬಂದ ಮೇಲೆ ಇದೇ ಮೊದಲ ಕಾಗದ. ಅಮ್ಮನ ಕೊನೆಯ ವಾರ ನಾನು ಅವಳ ಪಕ್ಕದಲ್ಲಿದ್ದೆ. ಒಲೆಯ ಶಾಖ ಹಾಯುವ ಬಿಸಿಜಗಲಿಯ ಮೇಲೆ ಒಂದೇ ಹೊದಿಕೆಯಲ್ಲಿ ಮಲಗಿದೆವು. ಅಷ್ಟು ಸಿಕ್ಕಿದ್ದು ನಿಮ್ಮಿಂದ. ನೀವು ನಿಮ್ಮ ಮಾತು ಸೇರಿಸಿ ಬರೆಯದಿದ್ದರೆ ನಾನು ಹುಣ್ಣಿಮೆಗೇ ಬರುತ್ತಿದ್ದೆ. ಆ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

ಇಲ್ಲಿ ನಾನು ಯಾರಿಗೂ ಹೇಳಿಲ್ಲ. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಸೂತಕದವಳಂತೆ ಕಾಣಬಾರದೆಂದೇನಲ್ಲ. ಹಣ್ಣಿನ ಕಾರ್ಖಾನೆಯಲ್ಲಿ ನಾವೆಲ್ಲರೂ ಬಿಳಿ ಟೋಪಿ, ಬಿಳಿ ಅಂಗಿ, ಬಿಳಿ ಬೂಟು. ಉದ್ದನೆಯ ಮೇಜಿನ ಎರಡೂ ಬದಿಗೆ ಸಾಲಾಗಿ ನಿಂತವರನ್ನು ನೋಡಿದರೆ ಊರಿಗೆ ಊರೇ ನನ್ನ ಅಮ್ಮನಿಗಾಗಿ ದುಃಖದಲ್ಲಿ ನಿಂತಿದೆ ಅನ್ನಿಸುತ್ತದೆ. ಯಾರೋ ಜೋರಾಗಿ ನಗುತ್ತಾರೆ. ಆಗ ಮತ್ತೆ ಹಣ್ಣು ಸುಲಿಯುತ್ತೇನೆ.

ಹುಣ್ಣಿಮೆಯ ದಿನ ಕಾರ್ಖಾನೆಯವರು ಎಲ್ಲರಿಗೂ ಚಂದ್ರನ ಹೋಳಿಗೆ ಕೊಟ್ಟರು. ನನ್ನದು ಇನ್ನೂ ಪೆಟ್ಟಿಗೆಯಲ್ಲಿದೆ.

ಚಾವ್‌ಯುನ್


ಪೂರ್ವಕೊಲ್ಲಿ ಹಳ್ಳಿ
೧೨ ಜನವರಿ ೧೯೮೯

ತಂಗಿ,

ನಾನು ಬರೆಯುತ್ತಿರುವುದು. ತಪ್ಪುಗಳಿದ್ದರೆ ಹೊಂದಿಸಿಕೊಂಡು ಓದು.

ಈ ಹಬ್ಬಕ್ಕೆ ಮನೆತನಕ್ಕೆ ಹಿರಿಯರಾಗಿ ಉಳಿದಿರುವ ಮೂರನೇ ಅಜ್ಜ ಹಿರಿಯರ ಪಟದಲ್ಲಿ ಅಮ್ಮನನ್ನು ಸೇರಿಸುತ್ತಾರೆ. ಹಬ್ಬದ ಮಧ್ಯಾಹ್ನ ಗೋರಿಗೆ ಹೋಗಿ ಅಮ್ಮನನ್ನು ಮನೆಗೆ ಕರೆತರುತ್ತೇವೆ. ನೀನೂ ಬಾ. ಎರಡನೇ ದಿನಕ್ಕಲ್ಲ, ಹಬ್ಬಕ್ಕೇ. ಅಮ್ಮ ಬರುವ ದಿನ ನೀನು ಬರಬಾರದು ಅಂದರೆ ಅದು ಸರಿ ಕಾಣುವುದಿಲ್ಲ.

ದೋಣಿಯ ವಿಷಯ ನನಗೆ ಬಿಡು.

ಶೋಟಾಂಗ್


ಯಾನ್‌ತಾಯ್
೧೯ ಜನವರಿ ೧೯೮೯

ಅತ್ತಿಗೆ,

ಅಣ್ಣನ ಕಾಗದವನ್ನು ಅದೆಷ್ಟು ಸಲ ಓದಿದೆನೋ. ಅವನಿಗೆ ಹೇಗೆ ಉತ್ತರ ಬರೆಯಬೇಕೆಂದು ತಿಳಿಯದೆ ನಿಮಗೇ ಬರೆಯುತ್ತಿದ್ದೇನೆ.

ಬರುವುದಿಲ್ಲವೆಂದು ಹೇಳಿ. ಅಮ್ಮ ಹೇಳಿದಾಗ ನಾನು ಒಳಗೊಳಗೇ ನಕ್ಕಿದ್ದೆ. ಒಬ್ಬ ಹೆಂಗಸು ಎಲ್ಲೋ ಕೂತು ಒಂದು ಬಟ್ಟಲು ಕಡುಬು ತಿಂದರೆ ಕಡಲಿನಲ್ಲಿ ಅಲೆ ಏಳುತ್ತದೆಯೇ ಎಂದು. ಈಗ ಅಮ್ಮನಿಲ್ಲ. ಹೆದರುವ ಕೆಲಸ ಯಾರಾದರೂ ಮಾಡಬೇಕಲ್ಲ, ನನ್ನ ಪಾಲಿಗೆ ಬಂದಿದೆ. ಕಣ್ಣು ಮುಚ್ಚಿದರೆ ಖಾಲಿ ದೋಣಿ ಕಾಣುತ್ತದೆ. ನಂಬುವುದಿಲ್ಲ, ಆದರೂ ಕಾಣುತ್ತದೆ. ಅವನು ನನ್ನ ಬೆನ್ನಿಗೆ ಬಿದ್ದವನಲ್ಲ, ನಾನೇ ಅವನ ಬೆನ್ನಿಗೆ ಬಿದ್ದವಳು; ಅವನ ಬೆನ್ನಿನ ಮೇಲೆ ಬೆಳೆದವಳು.

ಮೇಲಾಗಿ ದೊಡ್ಡಮ್ಮ ಕಾಯುತ್ತಾರೆ. ನಾನು ಬರುತ್ತೇನೆಂದು ಬೆಕ್ಕಿಗೂ ಹೇಳಿರುತ್ತಾರೆ. ಅವರನ್ನು ಮತ್ತೆ ಒಬ್ಬರನ್ನೇ ಬಿಟ್ಟು ಹೇಗೆ ಬರಲಿ?

ಚಾವ್‌ಯುನ್


ಪೂರ್ವಕೊಲ್ಲಿ ಹಳ್ಳಿ
೨೫ ಜನವರಿ ೧೯೮೯

ಚಾವ್‌ಯುನ್,

ನಿನ್ನ ಕಾಗದ ಓದಿ ಹೇಳಿದೆ. ನಿನ್ನ ಅಣ್ಣ ಎದ್ದು ದೋಣಿಯ ಹತ್ತಿರ ಹೋದರು. ಬಂದ ಮೇಲೆ ಕೈ ತೊಳೆಯುತ್ತಾ ಹೇಳಿದರು: "ನೀನು ನಿಮ್ಮಮ್ಮನ ಹತ್ರ ಹೋಗು."

"ಯಾವಾಗ?"

"ಹಬ್ಬದ ರಾತ್ರಿ. ಅವರೂ ಒಬ್ರೇ ಆಗಲ್ಲ. ಇವಳೂ ಬರ್ಬಹುದು."

"ಇಲ್ಲಿ ಅಡುಗೆ?"

"ಚಾವ್‌ಯುನ್‌ಗೆ ಕಡುಬು ಮಾಡೋಕೆ ಬರಲ್ವಾ?"

"ಸೊಸೆ ಮನೇಲಿಲ್ಲ, ಮಗಳು ಇದಾಳೆ, ಎಲ್ಲ ತಲೆಕೆಳಗು. ಊರು ಏನನ್ನುತ್ತೆ?"

"ಊರಿಗೆ ಕಡುಬು ಕೊಟ್ಟು ಕಳಿಸು," ಎಂದರು.

ಈ ಮನುಷ್ಯ ಇಷ್ಟು ಮಾತಾಡಿದ್ದು ಮದುವೆಯಾದಾಗಿನಿಂದ ಇದೇ ಮೊದಲು. ನಾನು ಹೋಗಿ ಹಿತ್ತಿಲಲ್ಲಿ ನಿಂತುಕೊಂಡೆ. ಮದುವೆಯಾದ ಮೇಲೆ ಆ ರಾತ್ರಿ ಅಮ್ಮನ ಮೇಜಿಗೆ ನಾನು ಕೂತಿಲ್ಲ. ಕೂರಬಹುದು ಎಂದು ಯೋಚಿಸಿಯೂ ಇಲ್ಲ. ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ. ದೋಣಿ ಹೋದರೆ ಅದು ನನ್ನ ಗಂಡನದು. ಆದರೂ ಬಾ ಅನ್ನುತ್ತಿದ್ದೇನೆ.

ಮೀನು ಹೆಚ್ಚಿ ಉಪ್ಪಿನಲ್ಲಿ ಇಟ್ಟಿರುತ್ತೇನೆ. ಈ ವರ್ಷ ಸೂತಕ, ಕೆಂಪು ಬರಹ ಅಂಟಿಸುವಂತಿಲ್ಲ, ನೆನಪಿರಲಿ.

ನಿನ್ನ ಅತ್ತಿಗೆ


ಯಾನ್‌ತಾಯ್
೧೨ ಫೆಬ್ರವರಿ ೧೯೮೯

ಅತ್ತಿಗೆ,

ಹೊಸ ವರ್ಷದ ಮೊದಲ ದಿನವೇ ಕಾರ್ಖಾನೆಯ ಪಾಳಿಗೆ ಹಿಂತಿರುಗಬೇಕಾಗಿ ಬಂತು, ಉಪ್ಪಿನ ಗದ್ದೆಯ ಹತ್ತಿರ ನಿಮ್ಮನ್ನು ನೋಡಲಾಗಲಿಲ್ಲ. ಅಣ್ಣ ನಿಮಗೆ ಏನೂ ಹೇಳಿರುವುದಿಲ್ಲ. ಹೇಳುವವಳು ನಾನೇ.

ನಾನು ತಲುಪಿದಾಗ ಅಣ್ಣ, ಶಾವ್‌ಯಾನ್, ಮೂರನೇ ಅಜ್ಜ ಗೋರಿಯಿಂದ ಹಿರಿಯರನ್ನು ಕರೆತಂದಾಗಿತ್ತು. ಹೊಸಿಲಿಗೆ ಅಡ್ಡಕೋಲು ಇಟ್ಟಿದ್ದರು. ಒಳಗೆ ಬಂದ ಹಿರಿಯರು ಹೊರಗೆ ಹೋಗಬಾರದು, ಹೊರಗಿನವರು ಒಳಗೆ ಬರಬಾರದು. ನಾನು ಕೋಲಿನ ಈಚೆಗೆ ನಿಂತೆ.  ಅಣ್ಣ ಹೊರಗೆ ಬಂದು ನನ್ನನ್ನು ನೋಡಿ, ಬಗ್ಗಿ ಕೋಲು ಎತ್ತಿ ಹಿಡಿದ. "ಗಾಳಿ ಒಳಗೆ ಬರ್ತಾ ಇದೆ. ಬೇಗ ಬಾ," ಎಂದ. ಅಷ್ಟೇ. ಅವನ ತೋಳಿನ ಕೆಳಗೆ ನುಸುಳಿ ಒಳಗೆ ಹೋದೆ.

ಮೂರನೇ ಅಜ್ಜ ನನ್ನನ್ನು ನೋಡಿ ಕುಂಚ ಕೆಳಗಿಟ್ಟರು. "ಇವಳ ಮುಂದೆ ಬರೀಬೇಕಾ?" ಎಂದರು. ಅಣ್ಣ ಶಾಯಿ ತೇಯುತ್ತಲೇ ಇದ್ದ. ಕೊನೆಗೆ ಅಜ್ಜನೇ ಕುಂಚ ಎತ್ತಿಕೊಂಡರು.

ಅತ್ತಿಗೆ, ಹುಟ್ಟಿದ ಮನೆಯ ಆ ಪಟವನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. ಹಳೆಯ ಪಟವನ್ನು ಕ್ರಾಂತಿಯ ಗಲಾಟೆಯ ವರ್ಷಗಳಲ್ಲಿ ಸುಟ್ಟ ಮೇಲೆ ಅಜ್ಜ ನೆನಪಿನಿಂದ ಬರೆದದ್ದಂತೆ. ನಾನು ಹತ್ತಿರ ಹೋಗಿ ನಿಂತೆ. ಅಪ್ಪನ ಹೆಸರು ಇತ್ತು. ಪಕ್ಕದ ಖಾಲಿ ಜಾಗದಲ್ಲಿ ಅಜ್ಜ ಅಮ್ಮನನ್ನು ಬರೆದರು. ಬರೆದು ಕುಂಚ ತೊಳೆದರು. ನಾನು ಓದಿದೆ: "ಸುನ್ ಮನೆತನದವಳು."

"ಹೆಸರು ಬರೆಯಲಿಲ್ಲವಲ್ಲ, ಅಜ್ಜ," ಎಂದೆ.

"ಇದೇ ಹೆಸರು. ಮೇಲೆ ನೋಡು. ಎಲ್ಲ ಹೆಂಗಸ್ರದ್ದೂ ಹೀಗೇ."

ನೋಡಿದೆ. ಅಜ್ಜಿ ಲಾಂಗ್ ಮನೆತನದವಳು, ಮುತ್ತಜ್ಜಿ ವಾಂಗ್ ಮನೆತನದವಳು, ಅದಕ್ಕೂ ಮೇಲಿನವಳು ಸುನ್. ಅಮ್ಮನ ಹಾಗೆಯೇ ಇನ್ನೊಬ್ಬಳು ಸುನ್. ಯಾರು ಯಾರೋ ತಿಳಿಯುವಂತಿಲ್ಲ. ನನ್ನಿಂದ ಯಾವುದನ್ನು ಇಷ್ಟು ವರ್ಷ ಮರೆಮಾಡಿ ಇಟ್ಟಿದ್ದರೋ, ಅದರೊಳಗೆ ಅಮ್ಮ ಇರಲೇ ಇಲ್ಲ.

ಅಜ್ಜ ಹೋದ ಮೇಲೆ ಅಣ್ಣನನ್ನು ಕೇಳಿದೆ, "ಅಮ್ಮನ ಹೆಸರು ಗೊತ್ತಾ ನಿನಗೆ?"

ಅವನು ಪಟವನ್ನೇ ನೋಡುತ್ತಾ, "ಅಮ್ಮ ಅಂತಾನೇ ಗೊತ್ತು," ಎಂದ.

ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಎರಡನೇ ದಿನ ಅಮ್ಮ ತನ್ನ ತವರಿಗೆ ಹೋಗುವಾಗ ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದಳು; ಅಣ್ಣ ಅಪ್ಪನ ಜೊತೆ ಬಂಧುಗಳ ಮನೆಗೆ ಹೋಗುತ್ತಿದ್ದ. ಅಲ್ಲಿ ಅಜ್ಜಿ ದೂರದಿಂದಲೇ ಕೂಗುತ್ತಿದ್ದಳು, "ಮಾಯ್ ಬಂದಳು! ಮಾಯ್ ಬಂದಳು!" ಗೋಧಿ ಕೊಯ್ಲಿನಲ್ಲಿ ಹುಟ್ಟಿದ್ದಕ್ಕೆ ಮಾಯ್, ಗೋಧಿ. ಆಗ ಅಮ್ಮ ನನ್ನನ್ನು ಕೆಳಗಿಳಿಸಿ ಓಡುತ್ತಿದ್ದಳು. ಅವಳು ಓಡುವುದನ್ನು ಬೇರೆಲ್ಲೂ ನಾನು ನೋಡಿಲ್ಲ.

ಹೆತ್ತವರ ಹೆಸರು ಬಾಯಲ್ಲಿ ತರಬಾರದು, ಗೊತ್ತು. ಆದರೂ ಹೇಳಿದೆ. ಅಣ್ಣ ಪಟದ ಮುಂದೆ ಕಡುಬಿನ ತಟ್ಟೆ ಇಟ್ಟ. ಬೆನ್ನು ತಿರುಗಿಸಿಕೊಂಡೇ, ಬಹಳ ಸಣ್ಣ ದನಿಯಲ್ಲಿ, ಹೊಸ ಪದ ಕಲಿಯುವ ಮಗುವಿನ ಹಾಗೆ ಒಮ್ಮೆ ಅಂದ, "ಮಾಯ್." ಶಾವ್‌ಯಾನ್ ಅವನ ಮುಖ ನೋಡಿ, ತಿನ್ನುತ್ತಿದ್ದ ಕಡಲೆಕಾಯಿಯನ್ನು ಕೆಳಗಿಟ್ಟಳು.

ಆಮೇಲೆ ಮೂವರೂ ಊಟ ಮಾಡಿದೆವು. ನಿಮ್ಮ ಮೀನು ಚೆನ್ನಾಗಿತ್ತು. ಉಪ್ಪು ಒಂದು ಚೂರು ಹೆಚ್ಚು.

ಈಗ ಇಲ್ಲಿ ಕೂತು ದಿನಾ ಆಕಾಶ ನೋಡುತ್ತೇನೆ. ದೋಣಿ ಇಳಿಸುವ ದಿನ ಬರೆಯಿರಿ. ಬಂದ ದಿನವೂ ಬರೆಯಿರಿ.

ಚಾವ್‌ಯುನ್


ಪೂರ್ವಕೊಲ್ಲಿ ಹಳ್ಳಿ
೨೬ ಏಪ್ರಿಲ್ ೧೯೮೯

ಚಾವ್‌ಯುನ್,

ಮೊದಲೇ ಹೇಳಿಬಿಡುತ್ತೇನೆ: ಬಂದರು. ಇನ್ನು ಉಸಿರು ಬಿಟ್ಟು ಓದು.

ಕಡಲಪೂಜೆಯಾದ ಮಾರನೆಯ ದಿನ ದೋಣಿಗಳು ಇಳಿದವು. ಸಂಜೆಗೆ ಮಂಜು ಕವಿಯಿತು. ಉಳಿದವರೆಲ್ಲ ಬಂದರು, ನಮ್ಮದು ಬರಲಿಲ್ಲ. ಬೆಳಿಗ್ಗೆ ನಾನು ದಡಕ್ಕೆ ಹೋದಾಗ ಹೆಂಗಸರೆಲ್ಲ ಮಾತು ನಿಲ್ಲಿಸಿದರು.   ಎಲ್ಲರೂ ನನ್ನಿಂದ ಸ್ವಲ್ಪ ದೂರ ನಿಂತಿದ್ದರು. ಆಗ ತಾನ್ ಮನೆಯ ಹುಡುಗಿ ಬಂದಳು. ಅವಳನ್ನು ನಾನು ಎಂದೂ ಮಾತಾಡಿಸಿದವಳಲ್ಲ. ಅವಳು ನನ್ನ ಪಕ್ಕದಲ್ಲಿ ಬಂದು ನಿಂತಳು.  ಅಣ್ಣನ ದೋಣಿಗಾಗಿ ಅವಳು ಒಬ್ಬಳೇ ಇದೇ ಜಾಗದಲ್ಲಿ ನಿಂತಿದ್ದಿರಬೇಕು ಎಂದು ನನಗೆ ಆಗ ಹೊಳೆಯಿತು.

ಮಧ್ಯಾಹ್ನ ಮಂಜು ಸರಿದಾಗ ನಿನ್ನ ಅಣ್ಣ ಎಂಜಿನ್ನನ್ನು ಬೈಯುತ್ತಾ, ಹುಟ್ಟು ಹಾಕಿಕೊಂಡು ಬಂದರು. ಮೀನು ಒಂದು ಬುಟ್ಟಿಯೂ ಇರಲಿಲ್ಲ. "ಯಾಕೆ ಎಲ್ಲ ಇಲ್ಲಿ ನಿಂತಿದೀರಿ?" ಎಂದು ಕೇಳಿದರು. ನಾನು ಅಲ್ಲೇ ಮರಳಿನ ಮೇಲೆ ಕೂತೆ. ತಾನ್ ಮನೆಯ ಹುಡುಗಿ ನಿನ್ನ ಅಣ್ಣನನ್ನು ಒಂದು ಸಲ ನೋಡಿ ಮನೆ ಕಡೆ ಹೋದಳು. ಸಂಜೆ ಅವಳಿಗೆ ಆ ಮೀನಿನಲ್ಲೇ ಕಡುಬು ಮಾಡಿಕೊಟ್ಟು ಬಂದೆ.

ಹಬ್ಬದ ರಾತ್ರಿ ನಾನು ಹೋದಾಗ ಅಮ್ಮ ಅಂದದ್ದು ಏನು ಗೊತ್ತೆ? "ಚಾವ್‌ಯುನ್ ಎಲ್ಲಿ?" ಮಗಳು ಅಷ್ಟು ವರ್ಷಗಳ ಮೇಲೆ ಆ ರಾತ್ರಿಯ ಊಟಕ್ಕೆ ಬಂದಿದ್ದಾಳೆ, ಅವಳಿಗೆ ನೀನು ಬೇಕು. ಊಟ ಮಾಡುವಾಗ ನನ್ನ ಬಟ್ಟಲಿಗೆ ಬಡಿಸುತ್ತಲೇ ಹೋದಳು. ಸಾಕು ಎಂದರೂ ಕೇಳಲಿಲ್ಲ. ಎಲ್ಲ ವರ್ಷಗಳದ್ದನ್ನೂ ಒಟ್ಟಿಗೆ ಬಡಿಸಿದಳು.

ನಿನ್ನ ಕಾಗದ ಬಂದಾಗಿನಿಂದ ಆ ಪಟದ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮೊನ್ನೆ ಬಡಿಸುವಾಗ ನಿನ್ನ ಅಣ್ಣನನ್ನು ಕೇಳಿಯೇಬಿಟ್ಟೆ, "ನಾನು ಸತ್ತ ಮೇಲೆ ಅಲ್ಲಿ ಏನಂತ ಬರೆಸ್ತೀರಿ?" "ಮೊದಲು ಸಾರು ಹಾಕು, ಆರ್ತಾ ಇದೆ," ಎಂದರು. ಹಾಕಿದೆ. ಇವರ ಹತ್ತಿರ ಇನ್ನೇನು ಸಿಗುತ್ತದೆ ಎಂದುಕೊಂಡೆ.

ನಿನ್ನೆ ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ಅವರು ಬಲೆಯ ಮುಂದೆ ಕೂತವರು ತಲೆ ಎತ್ತದೆ ಕೇಳಿದರು:

"ನಿನ್ನ ಹೆಸರಿನ ಎರಡನೇ ಅಕ್ಷರ ಹೇಗೆ ಬರೆಯೋದು?"

ನಾನು ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಬರೆದು ತೋರಿಸಿದೆ. ಅವರು ಬೆರಳಿನಿಂದ ಪಕ್ಕದಲ್ಲೇ ಬರೆದರು. ಒಂದು ಗೀರು ತಪ್ಪಿತ್ತು. ಇನ್ನೊಮ್ಮೆ ಬರೆಸಿದೆ.

ಲ್ಯು ತ್ಸಾಯ್‌ಫೆಂಗ್